ಬಲಗೈಗೆ ಕಟ್ಟಿದ ಗಡಿಯಾರ

1981ರ ಏಪ್ರಿಲ್ ಹದಿನಾಲ್ಕು, ಮಂಗಳವಾರ. ಮಧ್ಯಾಹ್ನ ಎರಡರ ಸುಮಾರಿಗೆ ಇಳಕಲ್ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಚಮನಸಾಬ ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಆಗ ನೇಕಾರರ ಓಣಿಯ ಶಾರವ್ವ ಒಳಗೆ ಬಂದಳು. ಅವಳ ಸೆರಗಿಗೆ ಕೆಂಪು ರೇಷ್ಮೆಯ ಎಳೆಗಳು ಅಂಟಿಕೊಂಡಿದ್ದವು, ಕೊರಳು ಬರಿದಾಗಿತ್ತು. ಚಮನಸಾಬ ಗಂಟನ್ನು ಮತ್ತೆ ಕಟ್ಟಿಟ್ಟ. ಕಳ್ಳರಿಗೂ ಅವನ ಊಟಕ್ಕೂ ಹಳೆಯ ವೈರ.

"ನನ್ನ ಬೋರಮಾಳ ಕಳುವಾತ್ರಿ," ಎಂದಳು ಶಾರವ್ವ.

"ಯಾವಾಗ?"

"ಒಂದು ತಾಸಾತು."

"ಯಾರ ಮ್ಯಾಲೆ ಸಂಶಯ?"

"ಸಂಶಯ ಏನ್ ಬಂತ್ರಿ. ಎಡಚ ಹುಲ್ಲಪ್ಪ ಒಯ್ದಾನ."

"ಅವನ್ನ ನೋಡಿದೇನು?"

"ಅವನ ಕೈ ನೋಡೇನಿ."

ಒಳಗಿನ ಕೋಣೆಯಿಂದ ಸಬ್ ಇನ್‌ಸ್ಪೆಕ್ಟರ್ ಅಂದಪ್ಪ ಹೊರಗೆ ಬಂದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಶಾರವ್ವನಿಗೆ ಕುರ್ಚಿ ತೋರಿಸಿ, ತಾನೇ ಹಾಳೆ ತೆಗೆದುಕೊಂಡು ಹೇಳಿಕೆ ಬರೆದುಕೊಳ್ಳಲು ಕೂತ.

ಶಾರವ್ವನ ಮನೆಯಲ್ಲಿರುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಬಗ್ಗಿ ನೇಯುವಾಗ ಕೊರಳ ಸರ ಹಾಸಿನ ಎಳೆಗಳಿಗೆ ಸಿಕ್ಕಿಕೊಂಡು ಅವನ್ನು ಕಿತ್ತು ಹಾಕುತ್ತದೆ. ಅದಕ್ಕೆ ಅವಳು ಮಗ್ಗಕ್ಕೆ ಇಳಿಯುವ ಮುನ್ನ ಬಂಗಾರದ ಗುಂಡುಗಳ ಆ ಬೋರಮಾಳವನ್ನು ತೆಗೆದು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕುವುದು ರೂಢಿ. ಅಂದು ಗಂಡ ಊರಲ್ಲಿರಲಿಲ್ಲ. ಮಧ್ಯಾಹ್ನ ಓಣಿ ನಿರ್ಜನವಾಗಿದ್ದಾಗ ಕಿಟಕಿಯ ಸರಳಿನೊಳಗಿಂದ ಒಂದು ಕೈ ಬಂದು ಸರವನ್ನು ತೆಗೆದುಕೊಂಡು ಹೋಯಿತು. ಕುಣಿಯಿಂದ ಕಾಲೆತ್ತಿ ಹೊರಗೆ ಓಡುವಷ್ಟರಲ್ಲಿ ಓಣಿಯಲ್ಲಿ ಯಾರೂ ಇರಲಿಲ್ಲ.

"ಹುಲ್ಲಪ್ಪನ ಕೈ ಅಂತ ಹೆಂಗ ಹೇಳ್ತಿ?" ಅಂದಪ್ಪ ಕೇಳಿದ.

"ಬಲಗೈರಿ. ಬಲಗೈಯಾಗ ಗಡಿಯಾರ ಇತ್ತು. ನಮ್ಮ ಓಣ್ಯಾಗ ಬಲಗೈಗೆ ಗಡಿಯಾರ ಕಟ್ಟಾವ ಅವನೊಬ್ಬನ. ಎಡಚ ಅಲ್ಲೇನ್ರಿ."

ಅಂದಪ್ಪ ಅದನ್ನೂ ಬರೆದುಕೊಂಡ. ಭಾರತೀಯ ದಂಡ ಸಂಹಿತೆಯ 380ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಸಂಶಯಿತನ ಜಾಗದಲ್ಲಿ ಹುಲ್ಲಪ್ಪನ ಹೆಸರು ಬಂತು.

ಓಣಿಯ ಬಾಯಲ್ಲೇ ಹುಲ್ಲಪ್ಪನ ಸೈಕಲ್ ಅಂಗಡಿ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು, ಪಂಕ್ಚರ್ ಹಾಕುವುದು ಅವನ ಕೆಲಸ. ಅಂದಪ್ಪ ಹೋದಾಗ ಆತ ಚಕ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ನಟ್ಟು ಬಿಗಿಯುವ ಪಾನಾ ತಿರುವುತ್ತಿದ್ದ. ಬಲಗೈಯಲ್ಲಿ ಹೊಸ ಎಚ್‌ಎಂಟಿ ಗಡಿಯಾರವಿತ್ತು.

"ಒಂದು ಗಂಟೆಗೆ ಎಲ್ಲಿದ್ದಿ?"

"ಅಂಗಡಿ ಹಿಂದ ಬುತ್ತಿ ಉಣ್ಣಾಕ ಹತ್ತಿದ್ದೆ ಸಾಹೇಬ್ರ."

"ಯಾರರ ನೋಡ್ಯಾರೇನು?"

"ಉಣ್ಣೂದನ್ನ ಯಾರು ನೋಡ್ತಾರ್ರಿ?"

ಅಂಗಡಿಯಲ್ಲಿ ಹುಡುಕಿದರೂ ಸರ ಸಿಗಲಿಲ್ಲ. ಸುದ್ದಿ ಕೇಳಿ ಹುಲ್ಲಪ್ಪನ ತಾಯಿ ಬೋರವ್ವ ಓಡಿ ಬಂದಳು. ಬರುವ ವಾರವೇ ಮಗನ ಮದುವೆ. ಹುನಗುಂದದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿರುವ ಬೀರಲಿಂಗಪ್ಪನ ಮಗಳು ಸೋಮವ್ವ ಕನ್ಯೆ. ನಿಶ್ಚಯದ ವೀಳ್ಯವೂ ಆಗಿತ್ತು.

"ಠಾಣೆ ಮೆಟ್ಟಿಲು ಹತ್ತಿದವಗ ಯಾರು ಕನ್ಯಾ ಕೊಡ್ತಾರ್ರಿ ಯಪ್ಪಾ," ಎಂದು ಬೋರವ್ವ ಅಂದಪ್ಪನ ಎದುರು ಕೈ ಮುಗಿದಳು. "ಅವ ಎಡಚ ಇದ್ದಾನು, ಕಳ್ಳ ಅಲ್ರಿ. ನಾಲ್ಕು ಕಡೆ ಕೈ ನೋಡೇ ಬ್ಯಾಡ ಅಂದ್ರು. ಐದನೇದು ಇದು. ಇದೂ ತಪ್ಪಿದ್ರ ಮುಗೀತು."

ಅಂದಪ್ಪ ಅಂಗಡಿಯಿಂದ ಶಾರವ್ವನ ಮನೆಯ ಕಡೆ ಹೊರಟ.

ಸಂಜೆ ನಾಲ್ಕಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಶಾರವ್ವನನ್ನು ಮಗ್ಗದ ಕುಣಿಯಲ್ಲಿ ಮೊದಲಿನಂತೆಯೇ ಕೂರಿಸಿದರು. ಮಗ್ಗದ ಮೇಲೆ ಮುಗಿಯುತ್ತ ಬಂದ ಸೀರೆಯಿತ್ತು. ಅಂದಪ್ಪ ತನ್ನ ಸೀಟಿಯನ್ನು ದಾರಸಮೇತ ಮೊಳೆಗೆ ತೂಗುಹಾಕಿ, ಚಮನಸಾಬನನ್ನು ಓಣಿಗೆ ಕಳಿಸಿದ.

"ಮೊದಲ ಎಡಗೈ ಹಾಕ್ರಿ."

ಚಮನಸಾಬ ಹಾಕಿದ.

"ಅಲ್ರಿ, ಇದಲ್ಲ," ಎಂದಳು ಶಾರವ್ವ.

"ಈಗ ಗಡಿಯಾರ ಬಲಗೈಗೆ ಕಟ್ಕೊಂಡು ಆ ಕೈ ಹಾಕ್ರಿ."

ಚಮನಸಾಬ ಗೊಣಗುತ್ತ ಗಡಿಯಾರ ಬದಲಿಸಿ ಕೈ ಹಾಕಿದ. ಸೀಟಿ ಅವನ ಅಂಗೈಗೆ ಬಿತ್ತು.

"ಕೈ ಇದ ರಿ. ಆದ್ರ..." ಶಾರವ್ವ ತಡೆದಳು. "ಅವಾಗ ಗಾಜು ಫಳ್ ಅಂತ ಹೊಳೀತು. ಇವರದು ಬರೇ ಪಟ್ಟಿ ಕಾಣತೈತಿ."

ಅಂದಪ್ಪ ಕಿಟಕಿಯ ಹತ್ತಿರ ಹೋಗಿ, ಸರಳಿನೊಳಗೆ ಚಾಚಿದ್ದ ಚಮನಸಾಬನ ಕೈ ಹಿಡಿದು ಗಡಿಯಾರವನ್ನು ಸರಿಸಿದ. ಮುಂಗೈ ಮೇಲಿದ್ದ ಗಾಜು ಅಂಗೈ ಕಡೆಗೆ ಬಂತು.

"ಹಾಂ, ಹಿಂಗ."

ಬೇಕಾದ್ದು ಸಿಕ್ಕಿತೆಂದು ಅಂದಪ್ಪನಿಗೆ ಆಗ ಅನಿಸಲಿಲ್ಲ. ಹೇಳಿದ್ದನ್ನು ಪಂಚನಾಮೆಯಲ್ಲಿ ಬರೆಸಿದ, ಅಷ್ಟೇ. ಆಮೇಲೆ ಹುಲ್ಲಪ್ಪನನ್ನು ಕರೆಸಿ, ಸೀಟಿ ತೋರಿಸಿ, ಹೊರಗಿನಿಂದ ಅದನ್ನು ತೆಗೆದುಕೊಡಲು ಹೇಳಿದ. ಹುಲ್ಲಪ್ಪ ಏನು, ಎತ್ತ ಎಂದು ಕೇಳಲಿಲ್ಲ. ಎಡಗೈ ಹಾಕಿದ, ಸೀಟಿ ತೆಗೆದ, ಕೊಟ್ಟ. ಅವನ ಗಡಿಯಾರದ ಗಾಜು ಎಲ್ಲರಂತೆ ಮುಂಗೈ ಮೇಲೇ ಇತ್ತು.

"ಬೇಕಂತ ಎಡಗೈ ಹಾಕಿರಬಹುದ್ರಿ ಸಾಹೇಬ್ರ," ಎಂದ ಚಮನಸಾಬ.

"ಸೀಟಿಗೆ ಎಡಗೈ ಹಾಕ್ಯಾನು," ಎಂದಳು ಶಾರವ್ವ. "ಬಂಗಾರಕ್ಕ ಹಾಕತಾನೇನ್ರಿ? ಎಡಚ ಆದ್ರೇನಾತು, ಲಕ್ಷ್ಮೀನ್ನ ಯಾರೂ ಎಡಗೈಲೆ ಮುಟ್ಟಂಗಿಲ್ಲ."

ಅದೂ ನಿಜವೇ ಎಂದು ಅಂದಪ್ಪ ಒಪ್ಪಬೇಕಾಯಿತು. ಇದು ಅವನಿಗಿಂತ ಚೆನ್ನಾಗಿ ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನೂ ಎಡಚನೇ. ಊರ ಸಾಲಿಯ ಮಾಸ್ತರರು ಅಳತೆಪಟ್ಟಿಯಿಂದ ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಬರೆಯುವ ಕೈ ಬದಲಿಸಿದ್ದರು. ಊಟ ಬಲಗೈಯಲ್ಲಿ, ಸೆಲ್ಯೂಟ್ ಬಲಗೈಯಲ್ಲಿ, ಗಡಿಯಾರ ಎಡಗೈಯಲ್ಲಿ. ಆದರೆ ಮನೆಯಲ್ಲಿ ಗಡ್ಡ ಮಾಡಿಕೊಳ್ಳುವುದು, ಹಗ್ಗ ಜಗ್ಗುವುದು, ಓಡಿಬಂದ ಮಗನನ್ನು ಎತ್ತಿಕೊಳ್ಳುವುದೆಲ್ಲ ಎಡಗೈಯಲ್ಲೇ. ಗಡಿಯಾರ ನೋಡಿ ಎಡಚ, ಬಲಚ ಎಂದು ಹೇಳುವವರನ್ನು ಕಂಡರೆ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಗಡಿಯಾರ ಯಾವ ಕೈಯಲ್ಲಿದೆ ಎಂಬುದು ಮನೆಯವರು ಎಷ್ಟು ಬಿಗಿ ಇದ್ದರು ಎಂಬುದನ್ನಷ್ಟೇ ಹೇಳುತ್ತದೆ, ಹೆಚ್ಚೇನನ್ನೂ ಹೇಳುವುದಿಲ್ಲ.

ಅಂದು ಹುಲ್ಲಪ್ಪನನ್ನು ಠಾಣೆಯಲ್ಲೇ ಕೂರಿಸಿಕೊಂಡರು. ಮರುದಿನ ಸಂಜೆಯೊಳಗೆ ಹುನಗುಂದದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು, ಇಲ್ಲವೇ ಬಿಡಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಮದುವೆ ಮುರಿದ ಹಾಗೆಯೇ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಹುನಗುಂದದಿಂದ ಬೀರಲಿಂಗಪ್ಪ ಬಂದ. ಖಾಕಿ ಅಂಗಿ, ಎದೆ ಜೇಬಿನಲ್ಲಿ ಸೀಟಿ, ಹಣೆಗೆ ಭಂಡಾರದ ಅರಿಶಿನ. ಪಡಸಾಲೆಯಲ್ಲಿ ಕೂತಿದ್ದ ಬೋರವ್ವ ಎದ್ದು ನಿಂತಳು. ಆತ ಅವಳ ಕಡೆ ನೋಡದೆ ನೇರವಾಗಿ ಅಂದಪ್ಪನ ಮೇಜಿನ ಹತ್ತಿರ ಬಂದ.

"ಹುಲ್ಲಪ್ಪನ ಮ್ಯಾಲೆ ಕೇಸ್ ಆಗೈತಂತಲ್ರಿ."

"ಸಂಶಯ ಐತಿ. ತನಿಖಿ ನಡದೈತಿ."

"ಎಫ್‌ಐಆರ್ ನಕಲೊಂದು ಕೊಡ್ರಿ. ನಮ್ಮ ಹಿರ್‍ಯಾರಿಗೆ ತೋರಿಸಿ ವೀಳ್ಯ ತಿರುಗಿ ಕೊಡಬೇಕು. ಕಳ್ಳನ ಮನಿಗಿ ಮಗಳನ್ನ ಕೊಡಾಕ ಆಗಂಗಿಲ್ಲ."

"ಅವ ಕಳ್ಳ ಅಂತ ಇನ್ನೂ ಯಾರೂ ಹೇಳಿಲ್ಲಲ್ರಿ."

"ಊರೆಲ್ಲ ಹೇಳಾಕತ್ತೈತ್ರಿ. ಲಗೂ ಕೊಟ್ರ ಛಲೋ ಆಗತಿತ್ತು, ನನಗ ಬಸ್ಸಿನ ಹೊತ್ತಾತು."

ಹಾಗೆನ್ನುತ್ತ ಆತ ಗಂಟೆ ನೋಡಿಕೊಂಡ. ಎಡಗೈಯನ್ನು ಮುಂದೆ ಚಾಚಿ, ನೀರು ಹಿಡಿಯುವವನ ಹಾಗೆ ಅಂಗೈ ಮೇಲೆ ಮಾಡಿದ. ಗಡಿಯಾರದ ಗಾಜು ಅಂಗೈ ಕಡೆಗಿತ್ತು.

ಅಂದಪ್ಪ ಒಂದು ಗಳಿಗೆ ಆ ಕೈಯನ್ನೇ ನೋಡಿದ.

"ಗಡಿಯಾರ ಹಂಗ್ಯಾಕ ಕಟ್ಟೀರಿ?"

"ಇದಾ? ಬಸ್ಸಿನ ಬಾಗಲಾ ಬಡದು ಎರಡು ಸಲ ಗಾಜು ಒಡೀತ್ರಿ. ಅವತ್ತಿಂದ ಹಿಂಗ. ಹದಿನೈದು ವರ್ಷಾತು, ಈಗ ಬ್ಯಾರೆ ಥರ ಕಟ್ಟಾಕ ಬರಂಗಿಲ್ಲ."

"ಖರೆ ಐತ್ರಿ. ನಕಲು ಸಂಜಿಗೆ ತಯಾರ್ ಆಗತೈತಿ," ಎಂದು ಅಂದಪ್ಪ ಅವನನ್ನು ಸಮಾಧಾನದಿಂದಲೇ ಕಳಿಸಿಕೊಟ್ಟ.

ಬೀರಲಿಂಗಪ್ಪ ಹೊರಗೆ ಹೋದ ಮೇಲೆ ಬೋರವ್ವನನ್ನು ಒಳಗೆ ಕರೆದ.

"ನಿನ್ನ ಮಗ ಎಡಚ ಅನ್ನೂದು ಬೀಗರಿಗೆ ಗೊತ್ತಿತ್ತೇನವ್ವ?"

ಬೋರವ್ವ ಸೆರಗಿನ ಚುಂಗನ್ನು ಹೊಸೆದಳು. "ಇಲ್ರಿ. ಕನ್ಯಾ ನೋಡಾಕ ಹೋದಾಗ ಬಲಗೈಲೆ ಚಾ ಕುಡಿ, ಬಲಗೈಲೆ ಉಣ್ಣು ಅಂತ ಹೇಳಿ ಒಯ್ದಿದ್ದೆ. ವೀಳ್ಯದ ದಿವಸ ಬೀಗರು ತಾವ ಸ್ವಂತ ಕೈಲೆ ಗಡಿಯಾರ ಕಟ್ಟಿದ್ರು, ಎಡಗೈಗೆ. ಹುಲ್ಲಪ್ಪ ಸುಮ್ನ ಕಟ್ಟಿಸ್ಕೊಂಡ."

"ಆಮ್ಯಾಲೆ ಬಲಗೈಗೆ ಬಂತು."

"ಪಾನಾ ತಿರುವೂ ಕೈಯಾಗ ಗಡಿಯಾರ ಇದ್ರ ಕೆಲಸ ಹೆಂಗಾಗಬೇಕ್ರಿ?"

"ಬೀರಲಿಂಗಪ್ಪ ಇಳಕಲ್ಲಿಗೆ ಬಂದಿದ್ರೇನು, ಈಚಿಗೆ?"

"ಹೋದ ವಾರ ಬಂದಿದ್ರಂತ. ನಮ್ಮ ಮನಿಗಿ ಬರಲಿಲ್ಲ. ಮಗಳ ಧಾರಿ ಸೀರಿ ನೇಯಾಕ ಹೇಳಿದ್ರಲ್ಲ, ಅದನ್ನ ನೋಡ್ಕೊಂಡು ಹೋದ್ರಂತ."

"ಸೀರಿ ಯಾರ ಮಗ್ಗದಾಗ?"

"ಶಾರವ್ವನ ಮಗ್ಗದಾಗರಿ."

ಅಂದಪ್ಪ ಎದ್ದು ಟೋಪಿ ಹಾಕಿಕೊಂಡ.

ಶಾರವ್ವನ ಮನೆಗೆ ಹೋಗಿ ಕೇಳಿದ್ದಾಯಿತು. ಹೌದು, ಬೀರಲಿಂಗಪ್ಪ ಬಂದಿದ್ದರು, ಕಿಟಕಿಯ ಹತ್ತಿರವೇ ಕೂತಿದ್ದರು. ಅವರ ಎದುರಿಗೇ ಅವಳು ಬೋರಮಾಳ ತೆಗೆದು ಮೊಳೆಗೆ ಹಾಕಿ ಮಗ್ಗಕ್ಕೆ ಇಳಿದಿದ್ದಳು. ಸೀರೆ ನೋಡಿ ಹೊರಗೆ ಹೊರಟವರು ಸೈಕಲ್ ಅಂಗಡಿಯ ಎದುರು ಬಹಳ ಹೊತ್ತು ನಿಂತಿದ್ದರು.

"ಅಳಿಯನ ಕೆಲಸ ನೋಡ್ಕೋತ ನಿಂತಾರ ಅಂತ ಮಾಡಿದ್ದೆ," ಎಂದಳು ಶಾರವ್ವ.

ಚಮನಸಾಬ ಬಸ್ ಹಿಡಿದು ಹುನಗುಂದಕ್ಕೆ ಹೋದ. ಅಲ್ಲಿ ಮುರ್ತುಜಸಾಬ ಎಂಬ ಕಂಡಕ್ಟರ್ ಸಿಕ್ಕ. ಮಂಗಳವಾರ ಮಧ್ಯಾಹ್ನದ ಬಸ್ಸಿನಲ್ಲಿ ಬೀರಲಿಂಗಪ್ಪನವರು ಇಳಕಲ್ಲಿಗೆ ಬಂದು, ಅದೇ ಬಸ್ಸು ತಿರುಗಿ ಹೊರಟಾಗ ಓಡಿಬಂದು ಹತ್ತಿದರೆಂದು ಹೇಳಿದ.

"ಏನರ ವಿಶೇಷ ಕಂಡ್ತೇನಪ್ಪ?" ಎಂದು ಚಮನಸಾಬ ಕೇಳಿದ.

"ಬಸ್ ಹುನಗುಂದಕ್ಕ ಯಾವಾಗ ಮುಟ್ಟತೈತಿ ಅಂತ ಕೇಳಿ, ಎಡಗೈ ತಿರುವಿ ನೋಡಿದ್ರು. ಗಡಿಯಾರ ಇರಲಿಲ್ಲ. ಆಮ್ಯಾಲೆ ಬಲಗೈ ನೋಡಿದ್ರು, ಅದು ಅಲ್ಲಿತ್ತು. ನಾ ನಕ್ಕೆ. ಅವರು ನಗಲಿಲ್ಲ."

ಮಧ್ಯಾಹ್ನ ಎರಡಕ್ಕೆ ಅಂದಪ್ಪನೂ ಹುನಗುಂದ ತಲುಪಿದ. ಇಬ್ಬರು ಪಂಚರನ್ನು ಕರೆದುಕೊಂಡು ಬೀರಲಿಂಗಪ್ಪನ ಮನೆಗೆ ಹೋದರು. ಆತ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದ, ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಮನೆ ಸಣ್ಣದು, ಚೊಕ್ಕ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸೋಮವ್ವ ಬಲಗೈಯಲ್ಲಿ ತಂಬಿಗೆ ಹಿಡಿದು ನೀರು ತಂದಳು. ಶೋಧ ಬಹಳ ಹೊತ್ತು ನಡೆಯಲಿಲ್ಲ. ದೇವರ ಜಗಲಿಯ ಮೇಲೆ ಬೀರಪ್ಪನ ಪಟದ ಎದುರು ಬಾಳೆ ಎಲೆಯ ತುಂಡಿತ್ತು. ಅದರ ಮೇಲೆ ಬೋರಮಾಳ, ಬೋರಮಾಳಕ್ಕೆ ಭಂಡಾರ. ಕದ್ದ ಒಡವೆಯನ್ನು ಪೂಜೆಗೆ ಇಟ್ಟುಕೊಂಡ ಕಳ್ಳನನ್ನು ಚಮನಸಾಬ ಮೊದಲ ಸಲ ನೋಡುತ್ತಿದ್ದ.

ಅದನ್ನು ಕಂಡ ಸೋಮವ್ವನ ಕೈಯಿಂದ ತಂಬಿಗೆ ಜಾರಿತು. ನೆಲ ಮುಟ್ಟುವ ಮುಂಚೆಯೇ ಅವಳು ಅದನ್ನು ಹಿಡಿದಳು. ಹಿಡಿದದ್ದು ಎಡಗೈ. ಆ ಕೈಯ ಮೇಲೆ ಸೌಟಿನ ಬಾಯಷ್ಟು ಅಗಲದ ಹಳೆಯ ಸುಟ್ಟ ಕಲೆ ಇತ್ತು. ಅಂದಪ್ಪ ನೋಡಿದ್ದನ್ನು ಕಂಡು ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಜಪ್ತಿ ಪಂಚನಾಮೆ ಬರೆದು, ಬೀರಲಿಂಗಪ್ಪನನ್ನು ಇಳಕಲ್ಲಿಗೆ ಕರೆತಂದರು. ಠಾಣೆಯಲ್ಲಿ ಅಂದಪ್ಪ ಅವನಿಗೆ ಚಹಾ ತರಿಸಿ, ಎದುರಿಗೆ ಕೂತ.

"ಎಡಚ ಮಾಡ್ಯಾನ ಅಂತ ತೋರಿಸಾಕ ಗಡಿಯಾರ ಬಲಗೈಗೆ ಕಟ್ಟಿದ್ರಿ. ಹೌದಲ್ರಿ?"

"ಹೌದ್ರಿ."

"ಎಡಚ ಆದವ ಎಡಗೈ ಹಾಕತಾನ ಅನ್ನೂದು ಹೊಳೀಲಿಲ್ಲೇನು?"

"ಎಡಗೈ ಹಾಕಿದ್ರ ಗಡಿಯಾರ ಕಾಣತಿದ್ದಿಲ್ಲ. ಮತ್ತ..." ಬೀರಲಿಂಗಪ್ಪ ತಲೆ ತಗ್ಗಿಸಿದ. "ಬಂಗಾರಲ್ರಿ. ಅದನ್ನ ಎಡಗೈಲೆ ಹೆಂಗ ಮುಟ್ಟೂದು?"

"ಹುಲ್ಲಪ್ಪನ ಅಂಗಡ್ಯಾಗ ಇಟ್ಟು ಬಂದಿದ್ರ ಅವ ಜೈಲಿಗೆ ಹೋಗತಿದ್ದ."

"ಜೈಲಿಗೆ ಕಳಿಸೂ ಮನಸಿರಲಿಲ್ರಿ. ಹೆಸರು ಕೆಟ್ಟು ಲಗ್ನ ಮುರದ್ರ ಸಾಕಿತ್ತು. ಆಮ್ಯಾಲೆ ಶಾರವ್ವನ ಕಿಟಕ್ಯಾಗ ತಿರುಗಿ ಇಟ್ಟು ಬರ್ತಿದ್ದೆ."

"ಎಡಚ ಅಳಿಯ ಬ್ಯಾಡಾಗಿದ್ರ ಬ್ಯಾಡ ಅನಬೇಕಿತ್ತು."

"ಹೆಂಗನ್ಲಿ? ಎಡಚ ಅಂತ ಬಿಟ್ರ, ನಿಮ್ಮ ಮಗಳ ಕೈ ತೋರಸ್ರಿ ಅಂತಾರ."

ಹೊರಗೆ ಓಣಿಯಲ್ಲಿ ಮಗ್ಗಗಳ ಸದ್ದು ಕೇಳುತ್ತಿತ್ತು. ಬೀರಲಿಂಗಪ್ಪ ಚಹಾದ ಬಟ್ಟಲನ್ನು ಮುಟ್ಟದೆ ಮಾತು ಮುಂದುವರಿಸಿದ.

"ಆರು ವರ್ಷದಾಕಿ ಇದ್ಲು. ಒಂದು ಲಗ್ನದ ಊಟದಾಗ ಎಡಗೈಲೆ ಉಣ್ಣಾಕ ಸುರು ಮಾಡಿದ್ಲು. ಪಂಕ್ತಿಗೆ ಪಂಕ್ತಿನ ನಕ್ಕಿತು. ಮನಿಗಿ ಬಂದು ಸೌಟು ಕಾಸಿ ಕೈ ಮ್ಯಾಲೆ ಇಟ್ಟೆ. ಕೂಸು ಅಳಲಿಲ್ರಿ, ನನ್ನ ಮಾರಿ ನೋಡಿತು. ಅವತ್ತಿಂದ ಆ ಕೈ ಎತ್ತಿಲ್ಲ. ಊರಾಗ ಒಬ್ಬರಿಗೂ ಗೊತ್ತಾಗಲಿಲ್ಲ, ಛಲೋ ಆತು ಅಂದ್ಕೊಂಡೆ. ಹೋದ ವಾರ ಹುಲ್ಲಪ್ಪನ ಕೈ ನೋಡಿದೆ. ನಾ ಕಟ್ಟಿದ ಗಡಿಯಾರ ಬಲಗೈಯಾಗ, ಪಾನಾ ಎಡಗೈಯಾಗ. ಇವನೂ ಹಂಗ, ಇವಳೂ ಹಂಗ. ಹುಟ್ಟೂ ಕೂಸು ಹೆಂಗಿರತೈತ್ರಿ? ಅದರ ಕೈಗೂ ಯಾರರ ಒಬ್ಬರು ಸೌಟು ಕಾಸಬೇಕು. ಅದನ್ನ ನೋಡಾಕ ನನ್ನಿಂದ ಆಗಂಗಿಲ್ಲ."

ಅಂದಪ್ಪ ಪೆನ್ನು ಕೆಳಗಿಟ್ಟ.

"ಸೌಟು ಕಾಸದ ಬಿಟ್ರ ಆಗತಿತ್ತಲ್ರಿ," ಎಂದ.

ಬೀರಲಿಂಗಪ್ಪ ತಲೆ ಎತ್ತಿ ಅವನನ್ನು ನೋಡಿದ. ಒಂದು ವಾರ ನಿದ್ದೆಗೆಟ್ಟು ಯೋಚಿಸಿದ ಆ ಮನುಷ್ಯನಿಗೆ ಇದೊಂದು ದಾರಿ ಹೊಳೆದೇ ಇರಲಿಲ್ಲ. ಅವನನ್ನು ನೋಡಿ ಅಂದಪ್ಪನಿಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಗೆಣ್ಣಿಗೆ ಹೊಡೆದ ಮಾಸ್ತರರೂ ಕೆಟ್ಟವರಾಗಿರಲಿಲ್ಲ.

ಸಂಜೆ ಐದಕ್ಕೆ ಬೀರಲಿಂಗಪ್ಪನನ್ನು ಬಂಧಿಸಿದ್ದಾಗಿ ದಾಖಲಾಯಿತು. ಹುಲ್ಲಪ್ಪನನ್ನು ಬಿಟ್ಟು ಕಳಿಸಿದರು. ಆತ ಮನೆಗೆ ಹೋಗದೆ ಠಾಣೆಯ ಎದುರಿನ ಬೇವಿನ ಮರದ ಕೆಳಗೆ ತಾಯಿಯೊಡನೆ ನಿಂತುಕೊಂಡ. ಶಾರವ್ವ ಬಂದು ಬೋರವ್ವನ ಕೈ ಹಿಡಿದಳು.

"ತಪ್ಪಾತು ಯಕ್ಕಾ. ಸೀರಿಗೆ ಸೆರಗಷ್ಟ ಉಳದೈತಿ. ನೇಯಲೋ, ಬ್ಯಾಡೋ?"

ಬೋರವ್ವ ಮಗನ ಮುಖ ನೋಡಿದಳು.

"ನೇಯ್ರಿ," ಎಂದ ಹುಲ್ಲಪ್ಪ.

ಅಷ್ಟರಲ್ಲಿ ಸೋಮವ್ವ ತಂದೆಗೆ ಬುತ್ತಿ ಕಟ್ಟಿಕೊಂಡು ಹುನಗುಂದದಿಂದ ಬಂದಿದ್ದಳು. ಬಂಧಿತನ ಮೈಮೇಲಿನ ವಸ್ತುಗಳನ್ನು ಮನೆಯವರಿಗೆ ಒಪ್ಪಿಸಬೇಕಿತ್ತು. ಚಮನಸಾಬ ಅವನ್ನು ಮೇಜಿನ ಮೇಲೆ ಇಟ್ಟ. ಒಂದು ಸೀಟಿ, ಒಂದು ಕರವಸ್ತ್ರ, ಒಂದು ಗಡಿಯಾರ. ಗಡಿಯಾರ ಬಿಚ್ಚಿದ ಜಾಗದಲ್ಲಿ ಬೀರಲಿಂಗಪ್ಪನ ಎಡಗೈ ಬೆಳ್ಳಗೆ ಕಾಣುತ್ತಿತ್ತು.

"ಇಲ್ಲಿ ಸಹಿ ಮಾಡವ್ವ," ಎಂದು ಅಂದಪ್ಪ ಪೆನ್ನು ಕೊಟ್ಟ.

ಸೋಮವ್ವ ಪೆನ್ನನ್ನು ಬಲಗೈಯಲ್ಲಿ ತೆಗೆದುಕೊಂಡಳು. ಆಗ ಬೀರಲಿಂಗಪ್ಪ ಮೆಲ್ಲಗೆ ಹೇಳಿದ.

"ಸೋಮವ್ವ, ನಿನಗ ಯಾವ ಕೈ ಹಗುರ ಆಗತೈತಿ, ಅದರಲೆ ಬರಿಯವ್ವ. ನಾ ಏನೂ ಅನ್ನಂಗಿಲ್ಲ."

ಅವಳು ತಂದೆಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಆ ಕೈಗೆ ಬರಿಯಾಕ ಬರಂಗಿಲ್ಲಪ್ಪ. ಕಲಿಸಿಲ್ಲಲ್ಲ."

ಬಲಗೈಯಿಂದಲೇ ಸಹಿ ಮಾಡಿದಳು. ದುಂಡಗಿನ ಅಕ್ಷರ, ಗೆರೆ ತಪ್ಪಿರಲಿಲ್ಲ. ಬೀರಲಿಂಗಪ್ಪ ಮುಖ ತಿರುಗಿಸಿದ.

ಸೋಮವ್ವ ಸೀಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. ಆಮೇಲೆ ಗಡಿಯಾರ ತೆಗೆದುಕೊಂಡು ತನ್ನ ಬಲಗೈಯ ಮೇಲಿಟ್ಟು, ಎಡಗೈಯ ಬೆರಳುಗಳಿಂದ ಪಟ್ಟಿ ಎಳೆದು ಕಟ್ಟಿದಳು. ಕೈ ಕಡೆ ನೋಡಲೇ ಇಲ್ಲ, ಒಂದು ಸಲವೂ ತಡವರಿಸಲಿಲ್ಲ.

"ದಿನಾ ಮುಂಜಾನೆ ಗಡಿಯಾರಕ್ಕ ಚಾವಿ ಕೊಡ್ತೇನಿ," ಎಂದು ತಂದೆಗೆ ಹೇಳಿ, ಹೊರಗೆ ಬೇವಿನ ಮರದ ಕಡೆ ಹೋದಳು.